ನಿನ್ನ ಪತ್ರದ ಆ ಒಂದು ಸಾಲು

ಸರಸ್ವತಿಪುರಂ, ಮೈಸೂರು
ಶನಿವಾರ, ಬೆಳಗಿನ ಜಾವ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಒಪ್ಪಿಸಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನೆದರ್ಲೆಂಡ್ಸಿನಿಂದ ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸೈಕಲ್ಲು, ಕಾಲುವೆ, ನಿಲ್ಲದ ಮಳೆ, ಕೊನೆಗೂ ಸಿಕ್ಕ ಕರಿಬೇವು ಎಲ್ಲವನ್ನೂ ಓದಿ ಹಿಗ್ಗಿದೆ. ಆದರೆ ಐದನೆಯ ಪುಟದ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. "ನಾನು ಬಾಯಿ ಬಿಟ್ಟರೆ ಈ ಗುಂಪಿನಲ್ಲಿ ನನಗೆ ಜಾಗ ಇರುವುದಿಲ್ಲ, ದೊಡ್ಡಮ್ಮ." ಅದರ ಕೆಳಗೇ ಟ್ಯುಲಿಪ್ ತೋಟದ ವರ್ಣನೆ ಶುರುವಾಗುತ್ತದೆ. ಆ ಸಾಲನ್ನು ಬರೆದು, ಗಾಬರಿಯಾಗಿ, ಹೂವುಗಳ ಹಿಂದೆ ಬಚ್ಚಿಟ್ಟಿದ್ದೀಯ ಎನ್ನಿಸಿತು.

ನಾನು ಅರ್ಥ ಮಾಡಿಕೊಂಡಿರುವುದು ಇಷ್ಟು. ಮುಖಂಡ ನೀತಿವಂತನಾಗಿ ಕಂಡರೆ ಗುಂಪಿನವರು ತಮ್ಮ ಲಾಭವನ್ನೂ ಬಿಟ್ಟುಕೊಡುತ್ತಾರೆ ಎಂಬುದು ನಿನ್ನ ಮನಶ್ಶಾಸ್ತ್ರದ ಸಂಶೋಧನೆ ನೋಡಿಕೊಳ್ಳುವ ನಿಮ್ಮ ಪ್ರೊಫೆಸರರ ಹಳೆಯ ಫಲಿತಾಂಶ. ನೀನು ಎರಡು ಸಲ ಪ್ರಯೋಗ ಮಾಡಿದರೂ ಅದು ಬರಲಿಲ್ಲ. ಗಮನವಿಟ್ಟು ಉತ್ತರಿಸದವರನ್ನು ತೆಗೆದುಹಾಕಿ ಮತ್ತೆ ಲೆಕ್ಕ ಮಾಡು ಎಂದರು. ಯಾರು ಗಮನವಿಡಲಿಲ್ಲ ಎಂಬ ತೀರ್ಮಾನ ಮಾತ್ರ ಫಲಿತಾಂಶ ನೋಡಿದ ಮೇಲೆ. ಪುಟ್ಟೀ, ಇದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸುಮಾರು ಹೊತ್ತು ಕುಳಿತಿದ್ದೆ. ನಾನು ಕಂಡಿದ್ದೂ ಇದನ್ನೇ.

ಇಲ್ಲಿಯ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ನಾನು ಉತ್ತರದ ಕಡೆ ಸಂಶೋಧನೆಗೆ ಹೋಗಿದ್ದು ನಿನಗೆ ಗೊತ್ತು. ಅಲ್ಲಿ ನಡೆದದ್ದು ಗೊತ್ತಿಲ್ಲ, ನಿನ್ನ ದೊಡ್ಡಪ್ಪನಿಗೂ ಪೂರ್ತಿ ಹೇಳಿರಲಿಲ್ಲ. 1979ನೆಯ ಇಸವಿ. ಮಮತೆ ತೋರಿಸುತ್ತಲೇ ಕಟ್ಟುನಿಟ್ಟಾಗಿ ಕೆಲಸ ತೆಗೆಯುವವನೇ ನಮ್ಮ ಜನಕ್ಕೆ ಒಗ್ಗುವ ನಾಯಕ ಎಂದು ಪಾಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ. ಪಿ. ಸಿನ್ಹಾ ಅವರು ಹೇಳುತ್ತಿದ್ದ ಕಾಲ. ಮರುವರ್ಷ ಅವರ ಪುಸ್ತಕವೂ ಬಂತು. ಆ ವಿಚಾರದ ಮೇಲೆ ನನಗೆ ಇಂದಿಗೂ ಗೌರವವಿದೆ. ನನ್ನ ಗೈಡ್‌ಗೆ ಅಂಥದೇ ಒಂದು ಫಲಿತಾಂಶ ಬೇಕಿತ್ತು. ಒಂದು ಹತ್ತಿ ಗಿರಣಿಯಲ್ಲಿ ಪ್ರಶ್ನಾವಳಿ ಹಿಡಿದು ಮೂರು ತಿಂಗಳು ಓಡಾಡಿದೆ. ಓದು ಬಾರದವರಿಗೆ ನಾನೇ ಓದಿ ಹೇಳಿ ಗುರುತು ಹಾಕಿಕೊಂಡೆ. ಲೆಕ್ಕ ಮಾಡಿದರೆ ಏನೂ ಬರಲಿಲ್ಲ. "ರಾತ್ರಿ ಪಾಳಿಯವರನ್ನು ತೆಗೆ, ನಿದ್ದೆಗಣ್ಣಿನಲ್ಲಿ ಏನೋ ಹೇಳಿರುತ್ತಾರೆ" ಎಂದರು. ತೆಗೆದೆ. ಫಲಿತಾಂಶ ಬಂತು.

ರಾತ್ರಿ ಪಾಳಿಯವರು ನಿದ್ದೆಗಣ್ಣಿನಲ್ಲಿ ಮಾತಾಡಿರಲಿಲ್ಲ. ಟೀ ಕುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಜಾಬರ್, ಅಂದರೆ ತಮ್ಮ ಮೇಲಿನ ಮೇಸ್ತ್ರಿ, ಎಂಥವನೆಂದು ಬಿಡಿಸಿ ಬಿಡಿಸಿ ಹೇಳಿದ್ದರು. ಅವರ ಹಾಳೆಗಳನ್ನು ನಾನೇ ದಾರ ಕಟ್ಟಿ ಬೀರುವಿನ ಕೆಳಗಿನ ಅರೆಗೆ ತಳ್ಳಿದೆ.

ನಿನಗೆ ಹೇಳಬೇಕಾದದ್ದು ಅದರ ಮುಂದಿನದು. ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದವರೊಬ್ಬರು ಇದನ್ನು ಗಮನಿಸಿದರು. ಸೆಮಿನಾರಿನ ಹಿಂದಿನ ಸಂಜೆ ಇಬ್ಬರೂ ಕ್ಯಾಂಟೀನಿನಲ್ಲಿ ಕುಳಿತು ಮಾತಾಡಿದೆವು. "ನಾನು ಕೇಳುತ್ತೇನೆ, ನೀವು ಹೌದು ಎಂದರೆ ಸಾಕು" ಎಂದರು. ಒಪ್ಪಿದೆ. ಮರುದಿನ ಅವರು ಎದ್ದು ನಿಂತು ರಾತ್ರಿ ಪಾಳಿಯವರು ಎಲ್ಲಿ ಎಂದು ಕೇಳಿದರು. ಗೈಡ್ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಆಗಲೇ ಬರೆದಿದ್ದ ತಾರೀಖಿನ ಮೇಲೆಯೇ ಮತ್ತೊಮ್ಮೆ ಬರೆದೆ. ಅವರು ಕುಳಿತುಕೊಂಡರು. ಎರಡು ವರ್ಷದಲ್ಲಿ ನನಗೆ ಡಾಕ್ಟರೇಟ್ ಸಿಕ್ಕಿತು. ಅವರು ಅರ್ಧಕ್ಕೇ ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಸೇರಿದರು.

ಆಮೇಲೆ ಇಪ್ಪತ್ತೆಂಟು ವರ್ಷ ಇದೇ ಊರಿನಲ್ಲಿ ಮಕ್ಕಳಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಷ್ ಅವರ ಪ್ರಯೋಗ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ಮೂರು ಗೆರೆ. ಯಾವುದು ಸಮ ಎಂದು ಚಿಕ್ಕ ಮಗುವೂ ಹೇಳಬಲ್ಲದು. ಆದರೂ ಸುತ್ತ ಕುಳಿತವರೆಲ್ಲ ಮೊದಲೇ ಹೇಳಿಕೊಟ್ಟಂತೆ ಒಂದೇ ದನಿಯಲ್ಲಿ ತಪ್ಪು ಹೇಳಿದಾಗ, ಆ ಸುತ್ತುಗಳಲ್ಲಿ ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು 37 ಶೇಕಡಾ ಅವರ ಕಡೆಗೇ ವಾಲಿದವು. ಜೊತೆಗೆ ಸರಿ ಹೇಳುವವರು ಒಬ್ಬರೇ ಒಬ್ಬರಿದ್ದರೆ ಆ ತಪ್ಪು ಕಾಲು ಭಾಗಕ್ಕೆ ಇಳಿಯಿತು. ಇದನ್ನು ಎಲ್ಲರೂ ಪಾಠ ಮಾಡುತ್ತಾರೆ. 1955ರ ಅವರ ಲೇಖನದಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ನನ್ನ ದನಿ ತಗ್ಗುತ್ತಿತ್ತು. ಆ ಜೊತೆಗಾರ ಯಾವುದೋ ಕೆಲಸವಿದೆಯೆಂದು ನಡುವೆ ಎದ್ದು ಹೋದರೆ ಉಳಿದವನ ತಪ್ಪು ಅಷ್ಟೇನೂ ಹೆಚ್ಚಲಿಲ್ಲ. ಅವನು ಅಲ್ಲೇ ಕುಳಿತು ಬಹುಮತದ ಕಡೆ ಸೇರಿಕೊಂಡರೆ ಮಾತ್ರ ಧೈರ್ಯವೆಲ್ಲ ಕುಸಿಯಿತು. ನಾನು ಎದ್ದು ಹೋಗಿರಲಿಲ್ಲ ಪುಟ್ಟೀ, ಅಲ್ಲೇ ಕುಳಿತಿದ್ದೆ.

ಆದ್ದರಿಂದ ನಿನ್ನ ಭಯ ಪೊಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗುಂಪು, ನಾಯಕ, ನೀತಿ ಇವನ್ನು ಓದಿದವರು ಇವುಗಳ ಹಿಡಿತದಿಂದ ಪಾರಾಗುತ್ತಾರೆ ಎಂದು ನಿನ್ನ ವಯಸ್ಸಿನಲ್ಲಿ ನಂಬಿದ್ದೆ. ಹಾಗೇನೂ ಆಗುವುದಿಲ್ಲ. ಜಾಗ ಹೋದೀತು ಎನ್ನುವ ಭಯ ಓದಿದವರನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ.

ಕ್ರಿಸ್ಟಿನಾ ಮಾಸ್ಲಾಕ್ ಇದ್ದರಲ್ಲ ಎನ್ನುತ್ತೀಯ. 1971ರಲ್ಲಿ, ಹುಡುಗರನ್ನೇ ಕಾವಲುಗಾರರು, ಕೈದಿಗಳು ಎಂದು ಹಂಚಿ ನಡೆಸಿದ ಸ್ಟ್ಯಾನ್‌ಫರ್ಡಿನ ಆ ಕೃತಕ ಸೆರೆಮನೆಯನ್ನು ನೋಡಿ ಇದು ಅನ್ಯಾಯ ಎಂದವರು. ಹದಿನಾಲ್ಕು ದಿನ ನಡೆಯಬೇಕಿದ್ದ ಪ್ರಯೋಗ ಆರನೆಯ ದಿನ ನಿಂತಿತು. ಅವರ ಮೇಲೆ ನನಗೆ ಭಕ್ತಿಯಿದೆ. ಆದರೆ ಅವರ ಡಾಕ್ಟರೇಟ್ ಆಗಲೇ ಮುಗಿದಿತ್ತು, ಬರ್ಕ್ಲಿಯಲ್ಲಿ ಕೆಲಸ ಕಾದಿತ್ತು, ಆ ಪ್ರಯೋಗ ನಡೆಸಿದ ಜಿಂಬಾರ್ಡೊ ಅವರಿಗೆ ಆಪ್ತರು. ನಿನ್ನ ವೀಸಾ, ನಿನ್ನ ಸಂಬಳ, ನಿನಗೆ ಬೇಕಾದ ಶಿಫಾರಸು ಪತ್ರ ಎಲ್ಲವೂ ಒಬ್ಬರ ಕೈಯಲ್ಲಿವೆ. ಮಾಸ್ಲಾಕ್ ಅವರ ಜೊತೆ ನಿನ್ನನ್ನು ಹೋಲಿಸಿಕೊಂಡು ಹೇಡಿ ಎಂದು ಬೈದುಕೊಳ್ಳಬೇಡ.

ನಿನಗೆ ಹತ್ತಿರದವರು ಬೇರೆ ಮೂವರು. ನೀನಿರುವ ದೇಶದಲ್ಲೇ, ಟಿಲ್ಬರ್ಗಿನಲ್ಲಿ, 2011ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಡೀಡೆರಿಕ್ ಸ್ಟಾಪೆಲ್ ದತ್ತಾಂಶವನ್ನು ತಾವೇ ಕೂತು ಹುಟ್ಟಿಸುತ್ತಿದ್ದರೆಂದು ಬಯಲಿಗೆ ತಂದದ್ದು ಮೂವರು ಎಳೆಯ ಸಂಶೋಧಕರು. ಸ್ಟಾಪೆಲ್ ಆಗ ಡೀನ್. ಕೊನೆಗೆ ಐವತ್ತಕ್ಕೂ ಹೆಚ್ಚು ಲೇಖನಗಳಲ್ಲಿ ಮೋಸ ಸಿಕ್ಕಿತು. ಅದಕ್ಕೂ ಮೊದಲು ಅನುಮಾನಪಟ್ಟವರಿದ್ದರು, ಮಾತು ಮುಂದೆ ಹೋಗಿರಲಿಲ್ಲ. ನಿಮ್ಮ ಪ್ರೊಫೆಸರ್ ಅಂಥವರು ಎಂದು ನಾನು ಹೇಳುತ್ತಿಲ್ಲ, ಆ ಹೋಲಿಕೆ ನಿನ್ನ ಮನಸ್ಸಿಗೂ ಬರುವುದು ಬೇಡ. ನನ್ನ ಗೈಡ್ ಕೂಡ ಮೋಸಗಾರರಾಗಿರಲಿಲ್ಲ. ತಮ್ಮ ವಿಚಾರ ನಿಜವೆಂದು ಮನಸಾರೆ ನಂಬಿದ್ದರು. ನನಗೆ ಬೇಕಿರುವುದು ಆ "ಮೂವರು" ಎನ್ನುವ ಮಾತು. ಒಬ್ಬರೇ ಹೋಗಲಿಲ್ಲ. ತಿಂಗಳುಗಟ್ಟಲೆ ಕಂಡದ್ದನ್ನು ಕೂಡಿಸಿಕೊಂಡು ಆಮೇಲೆ ಹೋದರು.

ಇನ್ನು ಏನು ಮಾಡಬೇಕು ಎಂದು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ಮನಸ್ಸು ತಡೆಯುವುದಿಲ್ಲ. ತೆಗೆಯುವ ಮೊದಲಿನ ಕಡತವನ್ನು ತಾರೀಖಿನ ಸಮೇತ ಹಾಗೇ ಉಳಿಸಿಕೋ. ಮೂರನೆಯ ಸಲ ಪ್ರಯೋಗ ಮಾಡು ಎಂದರೆ, ಯಾರನ್ನು ಯಾವ ಕಾರಣಕ್ಕೆ ಬಿಡುತ್ತೇವೆ ಎಂಬುದನ್ನು ಮೊದಲೇ ನೋಂದಾಯಿಸೋಣ ಎಂದು ಕೇಳು. ಈಗ ಅನೇಕರು ಹಾಗೆ ಮಾಡುತ್ತಾರಾದ್ದರಿಂದ ಅದು ಎದುರುತ್ತರದಂತೆ ಕೇಳಿಸದು. ಮನಶ್ಶಾಸ್ತ್ರದ ನೂರು ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ 36 ಶೇಕಡಾ ಮಾತ್ರ ನಿಂತವು ಎಂಬ 2015ರ ವರದಿ ನಿಮ್ಮ ಪ್ರೊಫೆಸರರಿಗೂ ಗೊತ್ತಿರುತ್ತದೆ. ನಿನಗೊಬ್ಬಳಿಗೇ ಹೀಗಾಗಿಲ್ಲ.

ಮಾತು ಎತ್ತುವಾಗ ಸರಿ ತಪ್ಪು ಎನ್ನುವ ಶಬ್ದಗಳನ್ನು ಬಳಸಬೇಡ. ಇದು ನಿಮ್ಮಲ್ಲಿಯವರೇ ಆದ ಮನಶ್ಶಾಸ್ತ್ರಜ್ಞೆ ನಯೋಮಿ ಎಲ್ಲೆಮರ್ಸ್ ಅವರಿಂದ ನಾನು ಕಲಿತದ್ದು. ಜನ ತಮ್ಮ ಗುಂಪು ಜಾಣ ಗುಂಪು, ಸ್ನೇಹದ ಗುಂಪು ಎನ್ನುವುದಕ್ಕಿಂತ ನೀತಿಯುಳ್ಳ ಗುಂಪು ಎನ್ನುವುದನ್ನೇ ಹೆಚ್ಚು ಹಚ್ಚಿಕೊಂಡಿರುತ್ತಾರೆ ಎಂದು ಅವರೂ ಲೀಚ್, ಬರೆಟೊ ಅವರೂ 2007ರಲ್ಲೇ ತೋರಿಸಿದ್ದರು. ಅಲ್ಲಿಗೆ ಕೈ ಹಾಕಿದರೆ ಎಲ್ಲರೂ ಬಿಗಿದುಕೊಳ್ಳುತ್ತಾರೆ. "ನನಗೆ ಬರಲಿಲ್ಲ ಸರ್, ಎಲ್ಲಿ ಎಡವಿದ್ದೇನೆ ನೋಡುತ್ತೀರಾ" ಎಂದು ಅಂಕಿಗಳನ್ನು ಮುಂದಿಡು. ನಿನ್ನ ಈ ದೊಡ್ಡಮ್ಮನಿಗೆ ಅಷ್ಟು ಹೇಳುವುದೂ ಆಗಲಿಲ್ಲ, ಅದು ಬೇರೆ ಮಾತು. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯ ಪ್ರಾಮಾಣಿಕತೆಯ ಬಗ್ಗೆ ಗುಟ್ಟಾಗಿ ಕೇಳಬಹುದಾದ ಸಲಹೆಗಾರರು ಇರುತ್ತಾರಂತೆ. ದೂರು ಕೊಡಲೇಬೇಕೆಂದಿಲ್ಲ, ಹೋಗಿ ಮಾತಾಡಿ ಬರಬಹುದು. ಜಾಗ ಹೋಗಿಯೇ ಹೋದರೆ ಇಲ್ಲಿ ಮೇಲಿನ ಕೋಣೆ ಖಾಲಿಯಿದೆ. ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ, ಗಾಬರಿಯಾಗುತ್ತಾಳೆ.

ಮತ್ತೆ ಅದೇ ಸಾಲಿಗೆ ಬರುತ್ತೇನೆ. "ಈ ಗುಂಪಿನಲ್ಲಿ ನನಗೆ ಜಾಗ ಇರುವುದಿಲ್ಲ." ನಿನ್ನ ಕಾಗದವನ್ನು ನಿನ್ನೆ ರಾತ್ರಿ ಮತ್ತೆ ಓದಿದೆ. ಮೂರನೆಯ ಪುಟದಲ್ಲಿ, ಕಾಫಿಯ ಮಾತಿನ ನಡುವೆ, ಪೋರ್ಚುಗಲ್ಲಿನ ಹುಡುಗಿಯೊಬ್ಬಳ ವಿಷಯ ಬರೆದಿದ್ದೀಯ. ಪ್ರೊಫೆಸರ್ ಆ ಮಾತು ಹೇಳಿದಾಗ ಅವಳೂ ಮೇಜಿನ ಮೇಲಿನ ಕಾಗದವನ್ನೇ ನೋಡುತ್ತಿದ್ದಳು ಎಂದು. ನೀನು ಅದನ್ನು ಸುಮ್ಮನೆ ಬರೆದು ಮುಂದೆ ಹೋಗಿದ್ದೀಯ. ಹಾಗೆ ಕಾಗದ ನೋಡುವವರನ್ನು ನಾನು ಬಲ್ಲೆ. ಅವಳು ಯಾರು, ಎಷ್ಟನೆಯ ವರ್ಷದಲ್ಲಿದ್ದಾಳೆ, ನೀವಿಬ್ಬರೂ ಎಂದಾದರೂ ಒಟ್ಟಿಗೆ ಊಟಕ್ಕೆ ಹೋಗಿದ್ದೀರಾ? ಅದನ್ನು ಬರೆ. ಅಂಚೆ ತಡವಾಗುತ್ತದೆ, ಫೋನ್ ಮಾಡಿದರೂ ಸರಿ. ನಾನು ರಾತ್ರಿ ಹನ್ನೊಂದರವರೆಗೆ ಎದ್ದೇ ಇರುತ್ತೇನೆ.

ನಿನ್ನ
ದೊಡ್ಡಮ್ಮ