ಶಾಯಿಯಿಲ್ಲದ ಬೆರಳು: ಸಾಗರದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಇದನ್ನು ನಿನಗೆ ಫೋನಿನಲ್ಲೇ ಹೇಳಬೇಕಿತ್ತು. ಎರಡು ಸಲ ಕರೆ ಮಾಡಿದೆ. ಎರಡು ಸಲವೂ ಮಳೆ, ಅಡಿಕೆಯ ಕೊಳೆರೋಗ, ಅಮ್ಮನ ಮಂಡಿನೋವು ಎಂದು ಮಾತು ಎಲ್ಲೆಲ್ಲಿಗೋ ಹರಿದು ಮುಗಿಯಿತು. ಅದಕ್ಕೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ಬಾಯಿಬಿಟ್ಟ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಹಳದಿ ಛತ್ರಿಯ ಸಂಗತಿಯನ್ನು ಮಾತ್ರ ಇಲ್ಲಿ ತೆಗೆಯುವುದಿಲ್ಲ, ಹೆದರಬೇಡ.

ಕಳೆದ ಶನಿವಾರ ಜೇಮ್ಸ್‌ಟೌನಿಗೆ ಹೋಗಿದ್ದೆವು. ವರ್ಜೀನಿಯಾದ ನಮ್ಮ ರಿಚ್ಮಂಡಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಇಷ್ಟು ವರ್ಷ ಇಲ್ಲೇ ಇದ್ದರೂ ಹೋಗಿರಲಿಲ್ಲ. ಮಳೆಗಾಲದಲ್ಲಿ ನೀನು ಜೋಗಕ್ಕೆ ಹೋಗದ ಹಾಗೆ. ಇಂಗ್ಲಿಷರು ಅಮೆರಿಕದಲ್ಲಿ ಕಾಲೂರಿ ನಿಂತ ಮೊದಲ ನೆಲೆ ಅದು. 1607ರ ಮೇ 14ರಂದು 104 ಗಂಡಸರೂ ಹುಡುಗರೂ ಅಲ್ಲಿ ಇಳಿದರು. ಅವರ ಕೋಟೆಯನ್ನು ನದಿ ನುಂಗಿಬಿಟ್ಟಿದೆ ಎಂದೇ ಬಹಳ ಕಾಲ ನಂಬಿದ್ದರಂತೆ. 1994ರಲ್ಲಿ ಅಗೆತ ಆರಂಭವಾಗಿ, ಎರಡು ವರ್ಷಗಳಲ್ಲಿ ಅದರ ಗುರುತುಗಳು ಸಿಕ್ಕವು. ಮರದ ಗೂಟಗಳು ಕೊಳೆತು ಹೋಗಿದ್ದರೂ ಅವು ನಿಂತಿದ್ದ ಜಾಗದ ಮಣ್ಣಿನ ಬಣ್ಣವೇ ಬೇರೆ. ತೋಟದಲ್ಲಿ ಹಳೆಯ ಗುಂಡಿ ಎಲ್ಲಿತ್ತೆಂದು ಮಣ್ಣು ನೋಡಿ ಹೇಳುವ ನಿನಗೆ ಇದು ಹೊಸದಲ್ಲ.

ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಹುಡುಗಿಯ ತಲೆಬುರುಡೆ ಇದೆ. 1609ರ ಚಳಿಗಾಲದಲ್ಲಿ ಅಲ್ಲಿದ್ದವರು ಸುಮಾರು 300 ಮಂದಿ. ಮುಂದಿನ ವಸಂತಕ್ಕೆ ಉಳಿದವರು ಸುಮಾರು 60. ಹಸಿವಿನಿಂದ ಹೆಣವನ್ನು ಕತ್ತರಿಸಿ ತಿಂದ ಚಾಕುವಿನ ಗೆರೆಗಳು ಆ ಮೂಳೆಯ ಮೇಲಿವೆ. ಹುಡುಗಿಗೆ ಹದಿನಾಲ್ಕು ವರ್ಷ. ನನ್ನ ಮಗಳಿಗೂ ಈಗ ಹದಿನಾಲ್ಕು. ಅವಳು ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ನಾನು ಅವಳನ್ನು ಕರೆಯಲಿಲ್ಲ.

ನಾನು ನಿಂತದ್ದು ಇಗರ್ಜಿಯ ಬಳಿ. ಇಟ್ಟಿಗೆಯ ಹಳೆಯ ಗೋಪುರವೊಂದು ಉಳಿದಿದೆ. ಅದರ ಪಕ್ಕದಲ್ಲಿ, ನೆಲದ ಕೆಳಗೆ, ಅದಕ್ಕಿಂತ ಹಿಂದಿನ ಮರದ ಇಗರ್ಜಿಯ ಅಡಿಪಾಯ. 1619ರ ಜುಲೈ 30ರಂದು ಆ ಮರದ ಇಗರ್ಜಿಯಲ್ಲಿ 22 ಮಂದಿ ಚುನಾಯಿತ ಪ್ರತಿನಿಧಿಗಳು ಸೇರಿದರು. ಇಂಗ್ಲಿಷ್ ಅಮೆರಿಕದ ಮೊದಲ ಶಾಸನಸಭೆ. ಆರು ದಿನ ನಡೆಯಿತು. ಸೆಕೆ ಎಷ್ಟಿತ್ತೆಂದರೆ ಅಷ್ಟರಲ್ಲೇ ಮುಗಿಸಬೇಕಾಯಿತು. ಸದಸ್ಯನೊಬ್ಬ ನಡುವೆಯೇ ತೀರಿಕೊಂಡ. ಮಾಡಿದ ಕಾನೂನುಗಳೇನು ಗೊತ್ತೇ? ಸೋಮಾರಿತನ, ಜೂಜು, ಕುಡಿತಕ್ಕೆ ಶಿಕ್ಷೆ. ಒಳ್ಳೆಯ ಹೊಗೆಸೊಪ್ಪಿಗೆ ಪೌಂಡಿಗೆ ಮೂರು ಷಿಲಿಂಗ್, ಎರಡನೆಯ ದರ್ಜೆಗೆ ಹದಿನೆಂಟು ಪೆನ್ಸ್. ನಮ್ಮ ಅಡಿಕೆ ಮಂಡಿಯ ಸಭೆಯೂ ಇದನ್ನೇ ಮಾತಾಡುತ್ತಿತ್ತು.

ಇದು ಯಾವ ರಾಜನೂ ಮೆಚ್ಚಿ ಕೊಟ್ಟ ವರವಲ್ಲ. ಲಂಡನ್ನಿನ ವರ್ಜೀನಿಯಾ ಕಂಪನಿ ಹಾಕಿದ ಹಣ ಮುಳುಗುತ್ತಿತ್ತು, ಹೊರಟವರು ಸಾಯುತ್ತಿದ್ದರು, ಹೊಸಬರು ಹಡಗು ಹತ್ತಲು ಒಪ್ಪುತ್ತಿರಲಿಲ್ಲ. ಅದಕ್ಕಾಗಿ ಕಂಪನಿ ಸೈನಿಕ ಕಟ್ಟಳೆಯನ್ನು ಸಡಿಲಿಸಿತು, ಸಭೆ ಸೇರಲು ಬಿಟ್ಟಿತು, ಒಬ್ಬನನ್ನು ಕರೆತಂದವರಿಗೆ ತಲೆಗೆ 50 ಎಕರೆ ನೆಲ ಎಂದಿತು. ಆ ನೆಲ ಅಲ್ಲಿಯ ಮೂಲನಿವಾಸಿಗಳಾದ ಪೌಹಾಟನ್ ಜನರದು. ಆ ಕಂಪನಿಯನ್ನು ಬಹುಕಾಲ ನಡೆಸಿದ ಥಾಮಸ್ ಸ್ಮಿತ್ ಎಂಬವನೇ ನಮ್ಮ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್. ಜೇಮ್ಸ್‌ಟೌನಿಗೆ ಹಡಗು ತಂದ ಕಪ್ತಾನ ಕ್ರಿಸ್ಟೋಫರ್ ನ್ಯೂಪೋರ್ಟನೇ 1615ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋನನ್ನು ಸೂರತ್ತಿಗೆ ಕರೆತಂದದ್ದು. ಆ ರೋ ಅಲ್ಲಿಂದ ಜಹಾಂಗೀರನ ದರ್ಬಾರಿಗೆ ಹೋದ. ಶಾಲೆಯಲ್ಲಿ ನಾವು ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ಓದಿದೆವು. ಒಂದೇ ಊರಿನ ಅದೇ ಜನ, ಅದೇ ಲೆಕ್ಕದ ಪುಸ್ತಕ ಹಿಡಿದು ಎರಡು ದಿಕ್ಕಿಗೆ ಹೊರಟಿದ್ದರು.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಆ ವಸಾಹತಿನಲ್ಲಿ ಪೋಲೆಂಡಿನ ಕುಶಲಕರ್ಮಿಗಳಿದ್ದರು. ಟಾರು, ರಾಳ, ಗಾಜು ಮಾಡಲು ಕಂಪನಿ ಕರೆತಂದವರು. ಅವರನ್ನು ಮತದಾನದಿಂದ ಹೊರಗಿಟ್ಟಿದ್ದರು. ಅವರು ತಕರಾರು ಎತ್ತಿದರು. 1619ರ ಜುಲೈ 21ರ ಕಂಪನಿಯ ದಾಖಲೆಯಲ್ಲಿ, ಅವರಿಗೂ ಉಳಿದ ನಿವಾಸಿಗಳಷ್ಟೇ ಹಕ್ಕು ಎಂದು ಬರೆದಿದೆ. ಅದರ ಜೊತೆಗೇ ಇನ್ನೊಂದು ಸಾಲು: ಅವರ ವಿದ್ಯೆ ಅವರೊಂದಿಗೇ ಸಾಯದಂತೆ ಕೆಲವು ತರುಣರನ್ನು ಅವರ ಬಳಿ ಕಲಿಯಲು ಬಿಡಬೇಕು. ಕಂಪನಿಯ ವೀಸಾದಲ್ಲಿ ಬಂದು, ಎಷ್ಟೋ ಜನರಿಗೆ ಕೆಲಸ ಕಲಿಸಿದ ನನಗೆ ಆ ಸಾಲನ್ನು ದಾಟಿ ಮುಂದೆ ಓದಲಾಗಲಿಲ್ಲ.

ಸಭೆ ಮುಗಿದು ಮೂರು ನಾಲ್ಕು ವಾರವಾಗಿತ್ತಷ್ಟೆ, ಆಗಸ್ಟ್ ಕೊನೆಗೆ ವೈಟ್ ಲಯನ್ ಎಂಬ ಹಡಗು ಅಲ್ಲಿಯ ಪಾಯಿಂಟ್ ಕಂಫರ್ಟ್ ಎಂಬ ತೀರಕ್ಕೆ ಬಂತು. ಪೋರ್ಚುಗೀಸರ ಹಡಗಿನಿಂದ ಕಿತ್ತುಕೊಂಡ, ಅಂಗೋಲದ ಇಪ್ಪತ್ತಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಗವರ್ನರ್ ಮತ್ತು ಕಂಪನಿಯ ಮುಖ್ಯ ವರ್ತಕ ಅವರನ್ನು ಆಹಾರಕ್ಕೆ ಬದಲಾಗಿ ಕೊಂಡರು ಎಂದು ವಸಾಹತಿನವನೇ ಆದ ಜಾನ್ ರೋಲ್ಫ್ ಲಂಡನ್ನಿಗೆ ಪತ್ರ ಬರೆದ. ಆ ಗವರ್ನರ್ ಜಾರ್ಜ್ ಯಾರ್ಡ್ಲಿ; ಇಗರ್ಜಿಯಲ್ಲಿ ಸಭೆ ಕರೆದವನೂ ಅವನೇ. ಒಂದೇ ಬೇಸಗೆ, ಒಂದೇ ನದಿ, ಒಂದೇ ಕೈ. 1635ರ ಒಂದು ಭೂದಾಖಲೆಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬ ಹೆಸರೂ ಇದೆ. ನಮ್ಮ ಕಡೆಯ ಯಾವನೋ ಒಬ್ಬ. ಅವನ ತಲೆಯ ಲೆಕ್ಕದಲ್ಲೂ ಒಬ್ಬ ವರ್ತಕ ನೆಲ ಕೇಳಿದ್ದ. ಅವನ ತಾಯಿ ಅವನನ್ನು ಟೋನಿ ಎಂದು ಕರೆದಿರಲಿಕ್ಕಿಲ್ಲ.

ಈಗ ಹೇಳಬೇಕಾದದ್ದು. ಎಂಟು ತಿಂಗಳ ಹಿಂದೆ ನಾನು ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದೆ. ಮುಂದಿನ ತಿಂಗಳು ಸಂದರ್ಶನ. ಮಗಳೇ ಪ್ರಶ್ನೆ ಕೇಳಿ ತಯಾರಿ ಮಾಡಿಸುತ್ತಿದ್ದಾಳೆ. ವಸಾಹತುಗಾರರು ಏಕೆ ಬಂದರು ಎಂಬ ಪ್ರಶ್ನೆಗೆ ‘ಸ್ವಾತಂತ್ರ್ಯ’ ಎಂದರೂ ಸರಿ, ‘ಆರ್ಥಿಕ ಅವಕಾಶ’ ಎಂದರೂ ಸರಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಜೇಮ್ಸ್‌ಟೌನಿನ ಮಟ್ಟಿಗೆ ಅದೇ ನಿಜ, ನನ್ನ ಮಟ್ಟಿಗೂ. ಪಾಸಾದರೆ ಬಲಗೈ ಎತ್ತಿ, ಹಿಂದಿನ ದೇಶದ ನಿಷ್ಠೆಯನ್ನು ಪೂರ್ತಿಯಾಗಿ ಬಿಟ್ಟೆನೆಂದು ಪ್ರಮಾಣ ಮಾಡಬೇಕು. ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಆಮೇಲೆ ಸಿಗುವ ಒಸಿಐ ಕಾರ್ಡಿನಲ್ಲಿ, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡಿನಲ್ಲಿ, ಊರಿಗೆ ಬರಬಹುದು, ಇರಬಹುದು, ಮತ ಹಾಕುವಂತಿಲ್ಲ.

ನಾನು ಕೊನೆಯ ಸಲ ಮತ ಹಾಕಿದ್ದು 2004ರ ಏಪ್ರಿಲ್‌ನಲ್ಲಿ, ನಮ್ಮ ಪ್ರಾಥಮಿಕ ಶಾಲೆಯ ಎರಡನೆಯ ಕೊಠಡಿಯಲ್ಲಿ, ನಿನ್ನ ಹಿಂದೆ ನಿಂತು. ಅಲ್ಲಿಂದೀಚೆಗೆ ಎಲ್ಲಿಯೂ ಹಾಕಿಲ್ಲ. ಅಲ್ಲಿ ನಾನು ಇರಲಿಲ್ಲ. ಇಲ್ಲಿ ತೆರಿಗೆ ಕಟ್ಟುತ್ತೇನೆ, ಮತವಿಲ್ಲ. ಹೀಗೆಂದು ಎಲ್ಲರ ಎದುರೂ ಹೇಳುತ್ತಾ ಬಂದಿದ್ದೇನೆ. ಪೂರ್ತಿ ನಿಜವಲ್ಲ ಅದು. 2008ರ ಮೇ ತಿಂಗಳಲ್ಲಿ ನಾನು ಊರಿನಲ್ಲೇ ಇದ್ದೆ. ಪಟ್ಟಿಯಲ್ಲಿ ಹೆಸರು ಇನ್ನೂ ಇತ್ತು. ನೀನು ಬೆಳಿಗ್ಗೆ ಏಳಕ್ಕೇ ಬೈಕ್ ತಂದು ಅಂಗಳದಲ್ಲಿ ನಿಂತೆ. ನಾನು ಜ್ವರ ಎಂದೆ. ನಿನ್ನ ಕೈ ನನ್ನ ಹಣೆಯ ಮೇಲಿತ್ತು; ನಿನಗೆ ಆಗಲೇ ತಿಳಿದಿರಬೇಕು. ಜ್ವರ ಇರಲಿಲ್ಲ. ಎರಡು ವರ್ಷಕ್ಕೆಂದು ಹೋದವನು ತಿರುಗಿ ಬರುವುದಿಲ್ಲವೆಂದು ಆ ಹೊತ್ತಿಗೆ ಮನಸ್ಸಿನಲ್ಲಿ ನಿಶ್ಚಯವಾಗಿತ್ತು. ಸಾಲಿನಲ್ಲಿ ನಿಂತರೆ ಎಲ್ಲರೂ ‘ಯಾವಾಗ ಬರುತ್ತೀಯ?’ ಎಂದು ಕೇಳುತ್ತಾರೆ, ನೀನು ಪಕ್ಕದಲ್ಲಿ ನಿಂತು ನನ್ನ ಉತ್ತರ ಕೇಳುತ್ತೀಯ ಎಂಬ ಭಯವಾಯಿತು. ನೀನು ಒಬ್ಬನೇ ಹೋದೆ. ಮಧ್ಯಾಹ್ನ ಗಂಜಿ ತಂದುಕೊಟ್ಟೆ. ಕುಡಿದೆ.

ಆ ಪೋಲೆಂಡಿನವರು ಕೇಳಿ ಪಡೆದದ್ದನ್ನು, ಆ ಹಡಗಿನಿಂದಿಳಿದವರ ಮಕ್ಕಳು ಮರಿಮಕ್ಕಳು ತಲೆತಲಾಂತರ ಪಡೆಯದೆ ಹೋದದ್ದನ್ನು ನಾನು ಸುಳ್ಳು ಜ್ವರಕ್ಕೆ ಬಿಟ್ಟುಕೊಟ್ಟೆ. ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ, ಮಾರಾಯ. ಅರ್ಜಿಯ ಸುದ್ದಿಯಷ್ಟನ್ನೇ ಹೇಳಿ ಮುಗಿಸುವವನಿದ್ದೆ.

ಸಾಕು. ಅಪ್ಪೆಮಿಡಿಯ ಜಾಡಿ ತಳ ಕಂಡಿದೆ. ಮಗಳು ಅನ್ನಕ್ಕೂ ಹಾಕಿಕೊಳ್ಳುತ್ತಾಳೆ, ಪಾಸ್ತಾಕ್ಕೂ ಹಾಕಿಕೊಳ್ಳುತ್ತಾಳೆ. ಡಿಸೆಂಬರಿನಲ್ಲಿ ಯಾರಾದರೂ ಬರುವವರಿದ್ದರೆ ಕಳುಹಿಸು. ಮುಚ್ಚಳದ ಸುತ್ತ ಮೇಣ ಹಚ್ಚು. ಕಳೆದ ಸಲ ಅವರ ಹೊಸ ಶರ್ಟು ಏನಾಯಿತೆಂದು ನಿನಗೆ ಗೊತ್ತು. ಅಮ್ಮನಿಗೆ ಮಂಡಿಯ ಎಣ್ಣೆ ತಲುಪಿತೇ?

ಇನ್ನೊಂದು. ಪ್ರತಿ ಚುನಾವಣೆಯ ದಿನ ಶಾಯಿ ಹಚ್ಚಿದ ಬೆರಳಿನ ಚಿತ್ರ ಕಳುಹಿಸುತ್ತೀಯಲ್ಲ, ಅದನ್ನು ನಿಲ್ಲಿಸಬೇಡ. ಆ ಶಾಯಿಯನ್ನು ಮೈಸೂರಿನಲ್ಲಿ ಮಾಡುತ್ತಾರೆಂದು ಮಗಳಿಗೆ ಹೇಳಿದ್ದೇನೆ. ಈ ಸಲ ಅವಳೂ ಕಾಯುತ್ತಾಳೆ.

ನಿನ್ನವನೇ,
ಛತ್ರಿ ಹಿಡಿದವನು