ಗ್ಯಾರೇಜಿನಲ್ಲಿ ಸೇರಿದ ಇನ್ನೊಂದು ಕೂಟ

ಊರಿಂದ ಬಂದಿರುವ ಅಪ್ಪನನ್ನು ಹೋದ ತಿಂಗಳು ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಆಲ್ಟೇರ್ 8800 ಎಂಬ ಹಳೇ ಕಂಪ್ಯೂಟರ್ ಎದುರು ನಿಂತು ಕೇಳಿದರು: "ಇದು ಸ್ಟೆಬಿಲೈಜರ್ ಅಲ್ವೇನೋ?"

ಅವರ ತಪ್ಪಲ್ಲ. ನೀಲಿ ಡಬ್ಬ, ಮುಂದೆ ಸಾಲಾಗಿ ಪುಟ್ಟ ಸ್ವಿಚ್ಚುಗಳು, ಕೆಂಪು ದೀಪಗಳು. ಪರದೆ ಇಲ್ಲ, ಕೀಬೋರ್ಡೂ ಇಲ್ಲ. ಒಂದೊಂದು ಬೈಟ್ (ಒಂದು ಇಂಗ್ಲಿಷ್ ಅಕ್ಷರದಷ್ಟು ಮಾಹಿತಿ) ತುಂಬಲೂ ಎಂಟು ಸ್ವಿಚ್ಚು ಮೇಲೆ ಕೆಳಗೆ ಮಾಡಿ, ಇನ್ನೊಂದನ್ನು ಒತ್ತಬೇಕು. ಉತ್ತರ ಬರುವುದು ದೀಪಗಳಲ್ಲಿ. ಮೆಮೊರಿ ಬರೀ 256 ಬೈಟ್. ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಕ್ಯಾಲ್ಕುಲೇಟರ್ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದ ಅಲ್ಬುಕರ್ಕಿಯ ಎಡ್ ರಾಬರ್ಟ್ಸ್ ಸಾಲದ ನಡುವೆಯೇ ಇದನ್ನು ಮಾಡಿದರು. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮುಖಪುಟದಲ್ಲಿ ಇದರ ಫೋಟೋ ಬಂತು. ತಮಾಷೆಯೆಂದರೆ, ಪತ್ರಿಕೆಗೆ ಕಳಿಸಿದ್ದ ಅಸಲಿ ಯಂತ್ರ ದಾರಿಯಲ್ಲೇ ಕಳೆದುಹೋಗಿತ್ತು. ಫೋಟೋದಲ್ಲಿದ್ದದ್ದು ಸುಮ್ನೆ ಖಾಲಿ ಡಬ್ಬ! ಆದರೂ 397 ಡಾಲರ್ ಕೊಟ್ಟು, ಬಿಡಿಭಾಗ ತರಿಸಿ, ತಾವೇ ಬೆಸುಗೆ ಹಾಕಿಕೊಳ್ಳಲು ಸಾವಿರಾರು ಜನ ಮುಗಿಬಿದ್ದರು.

ನಮ್ಮ ಕೂಟದ ಸುದ್ದಿಪತ್ರದ ಸಂಪಾದಕನಾದ ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ಕತೆ. ಅದೇ ವರ್ಷ ಮಾರ್ಚ್ 5ರಂದು ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಮೂವತ್ತರಷ್ಟು ಜನ ಸೇರಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಯಿತು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅಲ್ಲಿದ್ದರು. ಮುಂದೆ ಆಪಲ್ 1 ಆದ ಯಂತ್ರದ ನಕ್ಷೆಯನ್ನು ಅವರು ಈ ಗೆಳೆಯರಿಗೆ ಪುಕ್ಕಟೆ ಹಂಚುತ್ತಿದ್ದರು. ಇನ್ನೊಬ್ಬ ಸದಸ್ಯ ಆಲ್ಟೇರ್ ಪಕ್ಕ ರೇಡಿಯೋ ಇಟ್ಟು, ಅದರ ಗೊರಗೊರ ಸದ್ದಿನಲ್ಲೇ ಹಾಡು ನುಡಿಸಿಬಿಟ್ಟರು.

ಆ ಕ್ಲಬ್ಬಿಗೂ ಒಂದು ಸುದ್ದಿಪತ್ರ ಇತ್ತು. ಮೊದಲ ಸಂಪಾದಕ ಫ್ರೆಡ್ ಮೂರ್. 1976ರ ಆರಂಭದಲ್ಲಿ ಅದಕ್ಕೊಂದು ಸಿಟ್ಟಿನ ಪತ್ರ ಬಂತು: ಆಲ್ಟೇರ್‌ಗೆ ನಾವು ಬರೆದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರನ್ನು ನಿಮ್ಮಲ್ಲಿ ಬಹಳ ಜನ ಕಾಸು ಕೊಡದೆ ನಕಲು ಮಾಡಿದ್ದೀರಿ, ಇದು ಕಳ್ಳತನ ಎಂದು. ಬರೆದವರು ಇಪ್ಪತ್ತು ವರ್ಷದ ಬಿಲ್ ಗೇಟ್ಸ್. ಸಿಟ್ಟಿನಲ್ಲಿ ನ್ಯಾಯವಿತ್ತು ಅನ್ನಿ. ಆದರೆ ಆ ನಕಲು ಹಂಚಿಕೆಯಿಂದಲೇ ಬೇಸಿಕ್ ಎಲ್ಲರ ಕೈಗೆ ಸಿಕ್ಕಿತು ಎನ್ನುವುದೂ ಸುಳ್ಳಲ್ಲ. ನಮಗೆ ಬರುವ ಸಿಟ್ಟಿನ ಪತ್ರಗಳೆಲ್ಲ ಯುಗಾದಿ ಊಟದ ಕ್ಯೂ ಬಗ್ಗೆ.

ನಿಮ್ಮ ಗ್ಯಾರೇಜಿನಲ್ಲೂ ಯಾವುದಾದರೂ ಹಳೇ ಕಂಪ್ಯೂಟರ್ ಧೂಳು ತಿನ್ನುತ್ತಾ ಕೂತಿದ್ದರೆ ಫೋಟೋ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಸ್ವಲ್ಪ ಬೇಗ ಕಳಿಸಿ, ಅಪ್ಪ ಊರಿಗೆ ಹೊರಡುವ ಮುಂಚೆ ತೋರಿಸಬೇಕು.