ಕರೆ ಕಡಿದರೆ ಕಾರಣ ಹೇಳಿ: ಜೈಲಿನ ಫೋನ್ ಸೇವೆಯ ಕಂಪನಿಗೆ ಒಂದು ದೂರು ಪತ್ರ

ಇಂದ,
ಒಳಗಿರುವವರ ಮನೆಯವರು

ಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ
(ಜೈಲಿನ ಫೋನ್, ವಿಡಿಯೋ ಭೇಟಿ, ಪತ್ರ ಮತ್ತು ಹಣ ಜಮಾ ಸೇವೆ)

ವಿಷಯ: ಕಾರಣ ತಿಳಿಸದೆ ಕಡಿಯುವ ಕರೆಗಳು, ತಪ್ಪು ಬಿಲ್ಲು, ಅರ್ಧಂಬರ್ಧ ತಲುಪುವ ಪತ್ರಗಳು

ಮಾನ್ಯರೇ,

ಬೇರೆ ಕಡೆ ಕರೆ ಕಡಿದರೆ ಇವರಲ್ಲದಿದ್ದರೆ ಅವರು ಮತ್ತೆ ಮಾಡುತ್ತಾರೆ. ಜೈಲಿಗೆ ನಾವು ತಿರುಗಿ ಕರೆ ಮಾಡುವ ಹಾಗಿಲ್ಲ. ಒಳಗಿರುವವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಸರದಿ ಬರುವಷ್ಟರಲ್ಲಿ ಬೀಗ ಹಾಕುವ ಹೊತ್ತಾಗಿರುತ್ತದೆ. ಯಾಕೆ ಕಡಿಯಿತೆಂದು ತಿಳಿಯದಿದ್ದಾಗ ಅವರಿಗೆ ಹೊಳೆಯುವುದು ಒಂದೇ: ಮನೆಯವರೇ ಇಟ್ಟುಬಿಟ್ಟರು. ಮುಂದಿನ ಕರೆಯ ತನಕ ಅದನ್ನೇ ನೆನೆಸಿಕೊಂಡು ಕೂರುತ್ತಾರೆ. ಈ ಪತ್ರದಲ್ಲಿರುವ ದೂರುಗಳೆಲ್ಲ ಬೇರೆ ಬೇರೆ ಅನ್ನಿಸಿದರೂ ಮೂಲ ಒಂದೇ. ನಿಮ್ಮ ವ್ಯವಸ್ಥೆ ತಪ್ಪಿದಾಗ ಎಲ್ಲಿ ತಪ್ಪಿತೆಂದು ಎರಡೂ ಕಡೆಯವರಿಗೆ ಹೇಳುವುದಿಲ್ಲ.

ನಾವು ಕಂಡಂತೆ ಅತಿ ಹೆಚ್ಚು ಕರೆಗಳು ಕಡಿಯುವುದು, ನಿಯಮ ಮೀರಿ ಕರೆಗೆ ಮೂರನೆಯವರನ್ನು ಸೇರಿಸಿಕೊಂಡಿದ್ದಾರೆಯೇ ಎಂದು ಪತ್ತೆ ಹಚ್ಚುವ ಸಾಫ್ಟ್‌ವೇರಿನಿಂದ. ಲೈನಿನಲ್ಲಿ ಬರುವ ಕ್ಲಿಕ್ ಸದ್ದು, ತುಸು ಉದ್ದದ ಮೌನ, ದನಿಯ ಮಟ್ಟದಲ್ಲಿ ಥಟ್ಟನೆ ಆಗುವ ಏರಿಳಿತ, ಇವನ್ನು ನೋಡಿ ಅದು ತೀರ್ಮಾನಕ್ಕೆ ಬರುತ್ತದೆ. ಕಾಲ್ ವೇಟಿಂಗ್ ಬೀಪ್, ಬ್ಲೂಟೂತ್‌ನಿಂದ ಸ್ಪೀಕರಿಗೆ ಬದಲಾಯಿಸುವುದು, ಮ್ಯೂಟ್ ಒತ್ತುವುದು, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಫೋನ್ ಹೋಗುವುದು, ಇಷ್ಟೂ ಅದಕ್ಕೆ ಅನುಮಾನ ತರಿಸುತ್ತವೆ. ಸಾವಿನ ಸುದ್ದಿ ಹೇಳಿದ ಮೇಲೆ ಇಬ್ಬರಿಗೂ ಮಾತು ಹೊರಡುವುದಿಲ್ಲ. ಆ ಮೌನವನ್ನೂ ಅದು ಕಳ್ಳಾಟವೆಂದೇ ಎಣಿಸುತ್ತದೆ. ಕಡಿದರೆ ಕಡಿಯಿತು ಎನ್ನೋಣ, ಆದರೆ ಅದು ಕೈದಿಯ ಹೆಸರಿನಲ್ಲಿ ನಿಯಮ ಮುರಿದ ದಾಖಲೆಯೂ ಆಗುತ್ತದೆ, ಅದರಿಂದ ಫೋನ್ ಸೌಲಭ್ಯಕ್ಕೇ ಕುತ್ತು ಬರುತ್ತದೆ. ಹೊಸದಾಗಿ ಈ ಪಾಡಿಗೆ ಬಿದ್ದವರಿಗೆ ನಾವು ಮೊದಲು ಹೇಳಿಕೊಡುವುದು ಇಷ್ಟು: ಕಾಲ್ ವೇಟಿಂಗ್, ಕಾಲ್ ಫಾರ್ವರ್ಡಿಂಗ್ ಎರಡನ್ನೂ ತೆಗೆಸಿ, ಇಯರ್‌ಫೋನ್ ಮುಟ್ಟಬೇಡಿ, ಅಳು ಬಂದರೂ ನಡುನಡುವೆ ಹೂಂಗುಟ್ಟುತ್ತಿರಿ. ಈ ಪಾಠ ಹೇಳಬೇಕಾದವರು ನೀವು. ಕರೆ ಕಡಿಯುವ ಮುನ್ನ ಎರಡೂ ಕಡೆ ಒಂದು ಎಚ್ಚರಿಕೆಯ ದನಿ ಕೇಳಿಸಿ, ಹತ್ತು ಸೆಕೆಂಡು ಸಮಯ ಕೊಡಿ. ಆಗ ತಪ್ಪು ಕಡಿತಗಳಲ್ಲಿ ಬಹುಪಾಲು ನಿಲ್ಲಬಹುದು.

ಎರಡನೆಯದು, ಕರೆ ಬಂದಾಗ ಒತ್ತಬೇಕಾದ ಅಂಕಿ. ಸ್ವೀಕರಿಸಲು ಒಂದು ಅಂಕಿ, ಮುಂದಿನ ಕರೆಗಳನ್ನೆಲ್ಲ ತಡೆಯಲು ಮತ್ತೊಂದು. ಕಣ್ಣು ಮಂಜಾದ ಹಿರಿಯರು ಒಮ್ಮೆ ತಪ್ಪಿ ಒತ್ತಿದರೆ ಆ ನಂಬರ್ ತಡೆಪಟ್ಟಿಗೆ ಸೇರುತ್ತದೆ. ಅಲ್ಲಿಂದ ಹೊರತರಲು ಗುರುತಿನ ದಾಖಲೆ, ಫೋನ್ ಬಿಲ್ಲು, ಅರ್ಜಿ, ದಿನಗಟ್ಟಲೆ ಕಾಯುವಿಕೆ. ಸೇರಿಸಲು ಒಂದು ಒತ್ತು ಸಾಕು, ತೆಗೆಯಲು ಮಾತ್ರ ಇಷ್ಟೆಲ್ಲ! ತಡೆಯುವ ಮುನ್ನ ಖಚಿತವೇ ಎಂದು ಇನ್ನೊಮ್ಮೆ ಕೇಳುವ ಏರ್ಪಾಡು ಮಾಡಿ. ಹಾಗೆಯೇ ಕರೆಗಳು ಪ್ರತಿ ಸಲ ಒಂದೇ ನಂಬರಿನಿಂದ ಬರಲಿ. ಈಗ ಬೇರೆ ಬೇರೆ ನಂಬರುಗಳಿಂದ ಬರುವುದರಿಂದ ಮೊಬೈಲಿನ ಸ್ಪ್ಯಾಮ್ ತಡೆ ಅವುಗಳ ಸದ್ದನ್ನೇ ಅಡಗಿಸಿಬಿಡುತ್ತದೆ, ಕರೆ ವಾಯ್ಸ್‌ಮೇಲಿಗೆ ಹೋಗುತ್ತದೆ. ವಾಯ್ಸ್‌ಮೇಲ್ ಎತ್ತಿಕೊಂಡದ್ದನ್ನೂ ನೀವು ಉತ್ತರಿಸಿದ ಕರೆಯೆಂದು ಲೆಕ್ಕ ಹಾಕುತ್ತೀರಿ: ನಮ್ಮ ದುಡ್ಡೂ ಹೋಯಿತು, ಅವರ ವಾರದ ಪಾಲಿನ ಕರೆಯೂ ಹೋಯಿತು.

ಬಿಲ್ಲಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಗಡಿಯಾರ ಓಡಬೇಕಾದ್ದು ನಾವು ಅಂಕಿ ಒತ್ತಿದ ಮೇಲೆ. ‘ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ’ ಎಂಬ ಘೋಷಣೆ ಶುರುವಾದಾಗಿನಿಂದ ಅಲ್ಲ. 61 ಸೆಕೆಂಡು ಮಾತಾಡಿದರೆ 2 ನಿಮಿಷದ ಶುಲ್ಕ ಹಾಕುವುದನ್ನು ಬಿಟ್ಟು ಸೆಕೆಂಡಿನ ಲೆಕ್ಕ ಹಾಕಿ. ನಿಮ್ಮ ದೋಷದಿಂದ ಕಡಿದ ಕರೆ ಮತ್ತೆ ಸೇರಿದಾಗ ಸಂಪರ್ಕ ಶುಲ್ಕವನ್ನು ಎರಡನೆಯ ಸಲ ಹಿಡಿಯಬೇಡಿ.

ಹಣ ಕಟ್ಟುವ ಪುಟದಲ್ಲಿ ಫೋನ್ ಖಾತೆ, ಕ್ಯಾಂಟೀನ್ ಖಾತೆ ಎಂದು ಎರಡಿವೆ, ನೋಡಲು ಎರಡೂ ಒಂದೇ ತರಹ. ಸೋಪಿಗೆಂದು ಕಟ್ಟಿದ ಹಣ ಫೋನಿಗೆ ಹೋದರೆ ಅಲ್ಲಿಂದ ಇಲ್ಲಿಗೆ ಬದಲಾಯಿಸುವ ದಾರಿಯಿಲ್ಲ. ಕೈದಿ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೆ ಬೇರೊಬ್ಬರ ಖಾತೆ ತುಂಬುತ್ತದೆ. ಹಣ ಕಳಿಸುವ ಗುಂಡಿಗೆ ಮುನ್ನ ಹೆಸರಿನ ಮೊದಲ ಅಕ್ಷರಗಳನ್ನಾದರೂ ತೋರಿಸಿ. ಬೇರೆ ಜೈಲಿಗೆ ವರ್ಗವಾದವರ, ಬಿಡುಗಡೆಯಾದವರ ಉಳಿಕೆ ಹಣವನ್ನು ಕಟ್ಟಿದವರಿಗೆ ತಾನಾಗಿಯೇ ಮರಳಿಸಿ. ಇಷ್ಟು ದಿನ ಬಳಸಲಿಲ್ಲವೆಂದು ಮುಳುಗಿಸಬೇಡಿ. ಶಿಕ್ಷೆಯಾಗಿ ಒಂಟಿ ಕೋಣೆಯಲ್ಲಿರುವವರು ಫೋನ್ ಬಳಸುವುದಾದರೂ ಹೇಗೆ?

ವಿಡಿಯೋ ಭೇಟಿಯಲ್ಲಿ ಚೌಕಟ್ಟಿನೊಳಗೆ ಮುಖ ಕಾಣದಿದ್ದರೆ ಪರದೆ ಕಪ್ಪಾಗುತ್ತದೆ. ಮಕ್ಕಳು ಒಂದೆಡೆ ಕೂರುವುದಿಲ್ಲ ಎಂಬುದು ಇದನ್ನು ಮಾಡಿದವರಿಗೆ ತಿಳಿದಂತಿಲ್ಲ. ಒಳಗಿನ ಹೆಡ್‌ಸೆಟ್ ಕೆಟ್ಟಿದ್ದರೂ, ತಪಾಸಣೆಗೆಂದು ಎಲ್ಲರನ್ನೂ ಕೋಣೆಗೆ ಕೂಡಿ ಹಾಕಿದ್ದರೂ ಭೇಟಿ ‘ಮುಗಿದಿದೆ’ ಎಂದೇ ದಾಖಲಾಗುತ್ತದೆ. ಎರಡೂ ಕಡೆಯ ದನಿ, ಚಿತ್ರ ಸೇರಿದ ಮೇಲೆ ಮಾತ್ರ ಅದನ್ನು ಭೇಟಿ ಎನ್ನಿ.

ಪತ್ರಗಳನ್ನು ಸ್ಕ್ಯಾನ್ ಮಾಡಿ ಮೂಲ ಪ್ರತಿಯನ್ನು ಹರಿದುಹಾಕುವ ನಿಮ್ಮ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಅದು ಇರುವಷ್ಟು ದಿನವಾದರೂ ಹಾಳೆಯ ಎರಡೂ ಬದಿ ಸ್ಕ್ಯಾನ್ ಆಗಲಿ, ಅಂಚು ಕತ್ತರಿಸದಿರಲಿ, ಬಣ್ಣ ಉಳಿಯಲಿ. ಮಗು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರ ಕಪ್ಪು ಬಿಳುಪಿನಲ್ಲಿ ಬರಿಯ ಬೂದು ಕಲೆಯಾಗುತ್ತದೆ. ಈಗ ನಾವು ಕಪ್ಪು ಶಾಯಿಯಲ್ಲಿ, ಒಂದೇ ಬದಿಗೆ, ಸುತ್ತ ಎರಡು ಬೆರಳು ಜಾಗ ಬಿಟ್ಟು, ಪುಟ ಸಂಖ್ಯೆ ಹಾಕಿ ಬರೆಯುತ್ತೇವೆ. ಸಂದೇಶ ತಡೆಹಿಡಿದಾಗಲೂ ಕಳಿಸಿದವರಿಗೆ ತಿಳಿಯುವುದಿಲ್ಲ. ಮನೆಮಾತಿನಲ್ಲಿ ಬರೆದದ್ದನ್ನು ಓದಬಲ್ಲವರು ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನಾದರೂ ಹೇಳಿ.

ವಕೀಲರ ನಂಬರುಗಳ ಬಗ್ಗೆ ರಾಜಿಯ ಮಾತೇ ಇಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರ ಡಿಸೆಂಬರ್ 17ರಂದು ಅಂಗೀಕರಿಸಿದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 61ನೆಯದು ಕೈದಿ ತನ್ನ ವಕೀಲರೊಂದಿಗೆ ಪೂರ್ಣ ಗೋಪ್ಯತೆಯಲ್ಲಿ, ಯಾರ ಕದ್ದಾಲಿಕೆಯೂ ಇಲ್ಲದೆ ಮಾತಾಡಲು ಅವಕಾಶವಿರಬೇಕೆನ್ನುತ್ತದೆ. ವಕೀಲರ ನಂಬರನ್ನು ಸಾಮಾನ್ಯ ಪಟ್ಟಿಗೆ ಸೇರಿಸಿಬಿಟ್ಟರೆ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಧ್ವನಿಮುದ್ರಣದ ಘೋಷಣೆ ಕೇಳಿದ ಕೂಡಲೇ ಫೋನ್ ಇಟ್ಟುಬಿಡಿ ಎಂದು ನಾವು ವಕೀಲರಿಗೆ ಹೇಳಿರುತ್ತೇವೆ. ನಂಬರ್ ಸೇರಿಸುವಾಗಲೇ ಎರಡು ಸಲ ನೋಡುವ ಕೆಲಸ ನಿಮ್ಮದು. ಅವೇ ನಿಯಮಗಳಲ್ಲಿ 58ನೆಯದು ಕುಟುಂಬದೊಡನೆ ಪತ್ರ, ಫೋನ್, ಭೇಟಿಯ ಮೂಲಕ ಆಗಾಗ ಸಂಪರ್ಕಕ್ಕೆ ಅವಕಾಶವಿರಬೇಕೆನ್ನುತ್ತದೆ. ಮೇಲ್ವಿಚಾರಣೆ ಬೇಡವೆಂದು ಅದೂ ಹೇಳುವುದಿಲ್ಲ, ನಾವೂ ಹೇಳುತ್ತಿಲ್ಲ.

ಉತ್ತರದಲ್ಲಿ ದಯವಿಟ್ಟು ‘ಜೈಲಿನವರನ್ನು ಕೇಳಿ’ ಎಂಬ ಸಾಲು ಬೇಡ. ಜೈಲಿನವರು ನಿಮ್ಮನ್ನು ಕೇಳಿ ಎನ್ನುತ್ತಾರೆ. ಲಗತ್ತಿಸಿದ ಪಟ್ಟಿಯಲ್ಲಿರುವ ಪ್ರತಿಯೊಂದು ಕರೆಯ ಮುಂದೆ ಅದು ಯಾವ ಕಾರಣಕ್ಕೆ ಕಡಿಯಿತೆಂದು ನಿಮ್ಮ ದಾಖಲೆಯಲ್ಲಿರುವಂತೆ ಬರೆದು, ತಪ್ಪಾಗಿ ಹಿಡಿದ ಶುಲ್ಕವನ್ನು ಮರಳಿಸಿ. ಕಡಿತ ತಪ್ಪಾಗಿದ್ದರೆ ಒಳಗಿರುವವರಿಗೂ ಅದನ್ನು ಲಿಖಿತವಾಗಿ ತಿಳಿಸಿ, ಅವರ ಹೆಸರಿನಲ್ಲಿರುವ ದಾಖಲೆಯನ್ನು ತೆಗೆಸಿ.

ಇಂತಿ,
ಒಳಗಿರುವವರ ಮನೆಯವರು

ಲಗತ್ತು: ಕಡಿದ ಕರೆಗಳ ಪಟ್ಟಿ (ದಿನಾಂಕ, ವೇಳೆ, ಮಾತಾಡಿದ ಅವಧಿ, ಹಿಡಿದ ಶುಲ್ಕ), ಹಣ ಕಟ್ಟಿದ ರಸೀದಿಗಳು, ಅರ್ಧ ಸ್ಕ್ಯಾನ್ ಆದ ಪುಟಗಳ ಪ್ರತಿಗಳು